ಹೆಸರು ಕೇಳದ ಸಾವಕಾರ

(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಮಾತಿನ ಧಾಟಿ ಆದಷ್ಟು ಹಾಗೇ ಉಳಿಸಿದೆ.)



ಸಂಘದವರು ನನಗೆ "ಕ್ರಿಪ್ಟೋ ಬಗ್ಗೆ ಎರಡು ಮಾತು ಹೇಳ್ರಿ" ಅಂತ ಒಪ್ಪಿಸಿದ್ದಾರೆ. ಅದು ದೊಡ್ಡ ಅಡವಿ. ಪೂರ್ತಿ ತಿರುಗಿ ಬರಬೇಕಂದ್ರ ಊಟದ ಹೊತ್ತು ಮೀರ್ತದ. ಅದಕ್ಕ ನಾನು ಒಂದೇ ಕಾಲುದಾರಿ ಹಿಡಿದೇನಿ. ಕ್ರಿಪ್ಟೋ ಒತ್ತೆ ಇಟ್ಟು ಸಾಲ ತೆಗೆಯೋದು, ಮತ್ತು ಬೆಲೆ ಬಿದ್ದಾಗ ಆ ಒತ್ತೆ ಲಿಲಾವು ಆಗೋದು. ಇದಕ್ಕೆ ಅವರ ಭಾಷೆಯಲ್ಲಿ ಲಿಕ್ವಿಡೇಷನ್ ಅಂತಾರ.

ಇದನ್ನೇ ಯಾಕೆ ಆರಿಸಿಕೊಂಡೆ ಅಂದ್ರ, ನಮ್ಮ ಹುಡುಗರ ಮೊಬೈಲಿನಲ್ಲಿ ಬರುವ ವಿಡಿಯೋಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರ್ತದ: ಬ್ಯಾಂಕ್ ಬೇಡ, ಮ್ಯಾನೇಜರ್ ಬೇಡ, ಜಾಮೀನುದಾರ ಬೇಡ, ಎರಡು ನಿಮಿಷದಲ್ಲಿ ಸಾಲ. ಇದು ಸುಳ್ಳಾಗಿದ್ದರೆ ನನ್ನ ಕೆಲಸ ಹಗುರಾಗ್ತಿತ್ತು. "ಮೋಸ ಅದ, ಹೋಗಬ್ಯಾಡ್ರಿ" ಅಂತ ಹೇಳಿ ಕೂತುಬಿಡ್ತಿದ್ದೆ. ಆದರೆ ಅದು ಖರೇ ಅದ. ಅಲ್ಲಿ ನಿಮ್ಮ ಅಡ್ಡಹೆಸರು ಕೇಳಂಗಿಲ್ಲ. ಯಾವ ಓಣಿ ಅಂತ ಕೇಳಂಗಿಲ್ಲ. ಸಾತ್‌ಬಾರಾ ಉತಾರ ತೋರಿಸು ಅನ್ನಂಗಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ "ನಾಳೆ ಬಾ" ಅನ್ನಿಸಿಕೊಂಡು ನಾಕು ಸಲ ತಿರುಗಿದ ಹುಡುಗನಿಗೆ ಈ ಮಾತು ಎಷ್ಟು ಸಿಹಿ ಆಗಿರ್ತದ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಆ ಮಾತಿನ ಮುಂದಿನ ಅರ್ಧವನ್ನೂ ಕೇಳಬೇಕು.

ಗೊತ್ತಿದ್ದ ದಾರಿಯಿಂದ ಶುರು ಮಾಡೋಣ. ಬಂಗಾರ ಒತ್ತೆ ಇಡೋದು ಇಲ್ಲಿ ಯಾರಿಗೆ ಗೊತ್ತಿಲ್ಲ? ಬಿತ್ತನೆಗೆ, ಫೀಸಿಗೆ, ದವಾಖಾನೆಗೆ ಕೊರಳಿನ ಸರ ಬಿಚ್ಚಿ ಕೊಟ್ಟು ಬಂದವರು ಇಲ್ಲೇ ಕುಂತೀರಿ. ಒಂದು ಲಕ್ಷದ ಬಂಗಾರಕ್ಕೆ ಒಂದು ಲಕ್ಷ ಸಾಲ ಯಾರೂ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬಹಳ ವರ್ಷ ಶೇ. 75ರ ಮಿತಿ ಇತ್ತು. 2025ರಲ್ಲಿ ನಿಯಮ ಬದಲಿಸಿ ಎರಡೂವರೆ ಲಕ್ಷದೊಳಗಿನ ಸಾಲಕ್ಕೆ ಶೇ. 85ರವರೆಗೆ ಕೊಡಬಹುದು ಅಂದರು. ಉಳಿದ ಪಾಲು ಯಾಕೆ ಬಿಟ್ಟಿರ್ತಾರ? ನಾಳೆ ಬಂಗಾರದ ದರ ಇಳಿದರೆ ಅವರ ರೊಕ್ಕ ಮುಳುಗಬಾರದು ಅಂತ. ನೀವು ಬಡ್ಡಿ ಕಟ್ಟಲಿಲ್ಲ ಅನ್ನಿ. ಮೊದಲು ಫೋನ್ ಬರ್ತದ. ಆಮೇಲೆ ಪತ್ರ. ಆಮೇಲೆ ಪೇಪರಿನಲ್ಲಿ ಜಾಹೀರಾತು. ಆಮೇಲೆ ಲಿಲಾವು. ಲಿಲಾವಿನಲ್ಲಿ ಸಾಲಕ್ಕಿಂತ ಹೆಚ್ಚು ಬಂದರೆ ಆ ಹೆಚ್ಚಿನದನ್ನು ನಿಮಗೆ ತಿರುಗಿ ಕೊಡಬೇಕು. ಇಷ್ಟೆಲ್ಲ ಆಗೋದರೊಳಗೆ ತಿಂಗಳುಗಳು ಹೋಗ್ತಾವ. ಆ ತಿಂಗಳುಗಳಲ್ಲಿ ನೀವು ತಮ್ಮನ ಹತ್ರ ಕೈಗಡ ತಗೊಂಡೋ, ತೊಗರಿ ಮಾರಿಯೋ ಸರ ಬಿಡಿಸಿಕೊಂಡು ಬರಬಹುದು. ಬಿಡಿಸಿಕೊಂಡೂ ಬಂದೀರಿ.

ಈಗ ಇದರ ಬಾಜೂಕ ನಮ್ಮ ಅವ್ವಂದಿರ ಬಚತ್ ಗಟ ಇಟ್ಟು ನೋಡ್ರಿ. ಅಲ್ಲಿ ಒತ್ತೆಯೇ ಇಲ್ಲ. ಎಲ್ಲರೂ ತಿಂಗಳಿಗಿಷ್ಟು ಅಂತ ಒಂದು ಪೆಟ್ಟಿಗೆಗೆ ಹಾಕ್ತಾರ, ಬೇಕಾದವರಿಗೆ ಅದರಿಂದಲೇ ಕೊಡ್ತಾರ. ಕೊಟ್ಟ ರೊಕ್ಕ ಹೆಂಗ ತಿರುಗಿ ಬರ್ತದ? ಮುಖ ಪರಿಚಯ ಅದ. ಕಟ್ಟದಿದ್ದರೆ ನಾಳೆ ನೀರಿಗೆ ಹೋದಾಗ ಎದುರಿಗೆ ಸಿಕ್ಕೇ ಸಿಗ್ತಾಳ.

ವಿಕೇಂದ್ರಿತ ಸಾಲ, ಅಂದರೆ ಡಿಫೈ ಅನ್ನೋದು, ಬಚತ್ ಗಟದ ಪೆಟ್ಟಿಗೆಯನ್ನೂ ಬಂಗಾರದ ಅಂಗಡಿಯ ತಕ್ಕಡಿಯನ್ನೂ ಒಂದೇ ಕಡೆ ಇಟ್ಟು, ನಡುವಿನ ಮನುಷ್ಯರನ್ನೆಲ್ಲ ತೆಗೆದುಹಾಕಿದಂತೆ. ಈಥರಿಯಂ ಎನ್ನುವುದು ಜಗತ್ತಿನ ಸಾವಿರಾರು ಕಂಪ್ಯೂಟರುಗಳು ಸೇರಿ ಬರೆಯುವ ಒಂದು ಖಾತೆ ಪುಸ್ತಕ. 2015ರಲ್ಲಿ ಶುರುವಾಯಿತು. ಅದರ ನಾಣ್ಯಕ್ಕೆ ಈಥರ್ ಎಂದು ಹೆಸರು. ಆ ಪುಸ್ತಕದೊಳಗೇ ಪ್ರೋಗ್ರಾಂ ಬರೆದು ಇಡಬಹುದು. ಇಟ್ಟ ಮೇಲೆ ಅದು ಬರೆದಂತೆಯೇ ನಡೆಯುತ್ತದೆ. ಆವೆ, ಕಾಂಪೌಂಡ್ ಅನ್ನುವವು ಅಂಥ ಸಾಲದ ಪ್ರೋಗ್ರಾಂಗಳು. ಒಂದು ಕಡೆಯಿಂದ ಜನ ಬಡ್ಡಿ ಆಸೆಗೆ ತಮ್ಮ ನಾಣ್ಯ ಠೇವಣಿ ಇಡುತ್ತಾರೆ. ಇನ್ನೊಂದು ಕಡೆಯಿಂದ ಜನ ಒತ್ತೆ ಇಟ್ಟು ಅದೇ ನಾಣ್ಯ ಸಾಲ ತೆಗೆಯುತ್ತಾರೆ. ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ. ಪ್ರೋಗ್ರಾಂಗಂತೂ ಇಬ್ಬರೂ ಒಂದು ಉದ್ದನೆಯ ನಂಬರ್, ಅಷ್ಟೇ.

ಮುಖ ಗೊತ್ತಿಲ್ಲದಲ್ಲಿ ಮುಲಾಜೂ ಇಲ್ಲ, ಕೋರ್ಟೂ ಇಲ್ಲ. ಓಡಿಹೋದವನನ್ನು ಹಿಡಿಯಲಿಕ್ಕೆ ಆಗಂಗಿಲ್ಲ. ಹಂಗಾಗಿ ಒತ್ತೆಯ ಬೆಲೆ ಸಾಲಕ್ಕಿಂತ ಯಾವಾಗಲೂ ಹೆಚ್ಚಿರಬೇಕು. ನೂರು ರೂಪಾಯಿ ಸಾಲ ಬೇಕಂದರೆ ನೂರಮೂವತ್ತು, ನೂರೈವತ್ತು ರೂಪಾಯಿ ಮಾಲು ಮೊದಲೇ ನಿಮ್ಮ ಕೈಯಲ್ಲಿರಬೇಕು.

ಇಲ್ಲೇ ಸ್ವಲ್ಪ ನಿಲ್ಲೋಣ. "ಎಲ್ಲರಿಗೂ ಸಾಲ, ಭೇದ ಇಲ್ಲ" ಅನ್ನುವ ಮಾತಿನ ಪೂರ್ತಿ ಅರ್ಥ ಇದು. ಭೇದ ಇಲ್ಲ ಖರೇ. ಆದರೆ ನೂರೈವತ್ತು ಇದ್ದವನಿಗೆ ನೂರು ಕೊಡ್ತಾರ, ಇಲ್ಲದವನಿಗೆ ಶೂನ್ಯ ಕೊಡ್ತಾರ. ಹೊಲ ಇಲ್ಲದ, ಬಂಗಾರ ಇಲ್ಲದ ಮನೆಯ ಹುಡುಗ ಆಟೋ ತಗೋಬೇಕು, ಪಿಠದ ಗಿರಣಿ ಹಾಕಬೇಕು ಅಂದರೆ ಈ ಬಾಗಿಲು ಅವನಿಗೆ ತೆರೆದೂ ತೆರೆದಿಲ್ಲ. ಜಾತಿ ಕೇಳದೆ ಬರೀ ಆಸ್ತಿ ಕೇಳಿದರೆ, ಆಸ್ತಿ ಯಾರ ಕೈಯಾಗ ಅದ ಅನ್ನೋ ಪ್ರಶ್ನೆ ಹಂಗೇ ಉಳೀತದ.

"ನೂರೈವತ್ತು ಇದ್ದವ ನೂರು ಸಾಲ ಯಾಕ ತಗೋತಾನ್ರೀ?" ಅಂತ ಕೇಳಬಹುದು. ಈಥರ್ ಮಾರಲಿಕ್ಕೆ ಮನಸ್ಸಿರುವುದಿಲ್ಲ, ಮುಂದೆ ಏರುತ್ತದೆ ಅನ್ನುವ ನಂಬಿಕೆ. ಸದ್ಯಕ್ಕೆ ಡಾಲರ್ ಬೇಕು. ಹಂಗಾಗಿ ಈಥರ್ ಒತ್ತೆ ಇಟ್ಟು, ಡಾಲರಿನ ಬೆಲೆಗೆ ಕಟ್ಟಿದ ನಾಣ್ಯ ಸಾಲ ತೆಗೆಯುತ್ತಾನೆ. ಇವನು ಒಂದು ತರಹ. ಇನ್ನೊಬ್ಬ ಅದೇ ಸಾಲದಿಂದ ಮತ್ತೆ ಈಥರ್ ಕೊಂಡು, ಅದನ್ನೂ ಒತ್ತೆ ಇಟ್ಟು, ಮತ್ತೆ ಸಾಲ ತೆಗೆಯುತ್ತಾನೆ. ನೂರಿಟ್ಟು ಎಪ್ಪತ್ತೈದು, ಎಪ್ಪತ್ತೈದಿಟ್ಟು ಐವತ್ತಾರು, ಹೀಗೇ ಸುತ್ತುತ್ತ ಹೋದರೆ ನೂರು ರೂಪಾಯಿಯವನು ನಾನೂರರ ಹತ್ತಿರದ ಮಾಲಿನ ಮೇಲೆ ಕೂತಿರುತ್ತಾನೆ. ವಿಡಿಯೋದಾಗ ತೋರಿಸುವ ದೊಡ್ಡ ಲಾಭ ಬಹುಪಾಲು ಇಂಥ ಸುತ್ತಿನದು. ದೊಡ್ಡ ಲಿಲಾವೂ ಇಂಥವರದೇ.

ಈಗ ಲೆಕ್ಕ. ಹುಡುಗರು ಮೊಬೈಲ್ ಬಿಟ್ಟು ನೋಟ್‌ಬುಕ್ ತೆಗೀರಿ.

ಒಂದು ಈಥರಿನ ಬೆಲೆ 2,00,000 ರೂಪಾಯಿ ಅಂತ ಹಿಡಿಯೋಣ. ಇದು ಲೆಕ್ಕಕ್ಕಾಗಿ ಹಿಡಿದ ಬೆಲೆ. ಒಂದು ಈಥರ್ ಒತ್ತೆ ಇಟ್ಟು 1,40,000 ರೂಪಾಯಿಯ ಸಾಲ ತೆಗೆದಿರಿ. ಪ್ರೋಗ್ರಾಂ ನಿಮ್ಮ ಒತ್ತೆಯ ಪೂರ್ತಿ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇದರಲ್ಲಿ ಶೇ. 80 ಹಿಡಿಯುತ್ತದೆ ಅನ್ನಿ. ಅಂದರೆ 1,60,000. ಇದನ್ನು ಸಾಲದಿಂದ ಭಾಗಿಸಿದರೆ 1.14 ಬರುತ್ತದೆ. ಆವೆಯಲ್ಲಿ ಇದಕ್ಕೆ ಹೆಲ್ತ್ ಫ್ಯಾಕ್ಟರ್ ಅಂತಾರ. ಒಂದಕ್ಕಿಂತ ಮೇಲಿದ್ದರೆ ನಿಮ್ಮ ಒತ್ತೆಯನ್ನು ಯಾರೂ ಮುಟ್ಟುವಂತಿಲ್ಲ. ಒಂದಕ್ಕಿಂತ ಕೆಳಗೆ ಹೋದರೆ ಯಾರು ಬೇಕಾದರೂ ಮುಟ್ಟಬಹುದು.

ಈಥರ್ 1,75,000ಕ್ಕೆ ಬಂದಿತು ಅನ್ನಿ. ಅದರ ಶೇ. 80 ಅಂದರೆ 1,40,000. ಭಾಗಿಸಿದರೆ ಸರಿಯಾಗಿ ಒಂದು. ಬೆಲೆ ಬರೀ ಎಂಟರಲ್ಲೊಂದು ಪಾಲು ಇಳಿದಿದೆ, ಅಷ್ಟಕ್ಕೇ ಅಂಚಿಗೆ ಬಂದು ನಿಂತಿರಿ. ಈಥರಿಗೆ ಇಷ್ಟು ಇಳಿಯಲು ಒಂದು ರಾತ್ರಿ ಸಾಕಾಗ್ತದ. ಬೆಲೆ ಅಲ್ಲೇ ನಿಂತರೂ ಸಾಲದ ಮೇಲಿನ ಬಡ್ಡಿ ಏರುತ್ತಲೇ ಇರುತ್ತದೆ, ಅಂಕಿ ತಾನಾಗಿಯೇ ಕೆಳಗೆ ಸರಿಯುತ್ತದೆ.

ಈಗ 1,70,000 ಆಯಿತು. ಅಂಕಿ 0.97. ಇಲ್ಲಿ ಒಬ್ಬ ಮೂರನೆಯವ ಬರುತ್ತಾನೆ. ಅವನು ನಿಮ್ಮ ಸಾಲದ ಅರ್ಧ, ಅಂದರೆ 70,000ವನ್ನು ತನ್ನ ಕೈಯಿಂದ ಕಟ್ಟುತ್ತಾನೆ. ಅದಕ್ಕೆ ಪ್ರತಿಯಾಗಿ 70,000ದ ಮೇಲೆ ಶೇ. 5 ಸೇರಿಸಿ 73,500 ರೂಪಾಯಿಯ ಈಥರನ್ನು ನಿಮ್ಮ ಒತ್ತೆಯಿಂದ ಎತ್ತಿಕೊಂಡು ಹೋಗುತ್ತಾನೆ. ಆ ಹೆಚ್ಚಿನ 3,500 ಅವನ ಕೂಲಿ. ಅದು ನಿಮ್ಮ ಗಂಟಿನಿಂದಲೇ ಹೋಗಿದ್ದು. ನಿಮ್ಮ ಬಳಿ ಉಳಿದದ್ದು 96,500ರ ಈಥರ್, 70,000 ಸಾಲ. ಅಂಕಿ ಮತ್ತೆ 1.10ಕ್ಕೆ ಏರಿತು. ಪ್ರೋಗ್ರಾಂ ಸುಮ್ಮನಾಯಿತು.

"ಬರೇ ಮೂರೂವರೆ ಸಾವಿರ ಹೋತಲ್ಲ, ಹೋಗಲಿ" ಅಂತೀರಿ. ತಾಳ್ರಿ. ಮರುದಿನ ಬೆಲೆ ತಿರುಗಿ ಎರಡು ಲಕ್ಷಕ್ಕೆ ಏರಿತು ಅನ್ನಿ. ನಿನ್ನೆ ಹೋದ ಈಥರಿನ ತುಂಡು ಇವತ್ತು ಸುಮಾರು 86,500 ಬಾಳುತ್ತದೆ. ಅದಕ್ಕೆ ನಿಮಗೆ ಸಿಕ್ಕಿದ್ದು 70,000 ಸಾಲದ ಮಾಫಿ. ಒಂದು ರಾತ್ರಿಗೆ ಹದಿನಾರು ಸಾವಿರದ ಮೇಲೆ ಹೋಯಿತು. ಬೆಲೆ ಏರುತ್ತದೆ ಅಂತ ನೀವು ನಂಬಿದ್ದು ಸರಿಯೇ ಇತ್ತು, ಏರಿತು ಕೂಡ. ಆದರೆ ಏರೋದರ ಮೊದಲು ಇಳಿಯಿತು, ಆ ಇಳಿದ ಗಳಿಗೆಯಲ್ಲೇ ನಿಮ್ಮ ಮಾಲು ಕೈಬಿಟ್ಟಿತು.

ಅರ್ಧ ಸಾಲ ಎನ್ನುವುದೂ ಯಾವಾಗಲೂ ಅಲ್ಲ. ಆವೆಯ ಮೂರನೇ ಆವೃತ್ತಿ ಬಂದಾಗ, ಅಂಕಿ 0.95ಕ್ಕಿಂತ ಕೆಳಗೆ ಹೋದರೆ ಇಡೀ ಸಾಲವನ್ನೇ ಒಮ್ಮೆಗೆ ತೀರಿಸಿ ಅಷ್ಟರ ಒತ್ತೆ ಎತ್ತಬಹುದು ಅಂತ ಮಾಡಿದರು.

ಆ ಮೂರನೆಯವ ಯಾರು? ಅವನು ಆವೆಯ ನೌಕರ ಅಲ್ಲ. ಅವನಿಗೆ ಯಾರೂ ಪಗಾರ ಕೊಡುವುದಿಲ್ಲ. ಜಗತ್ತಿನ ಎಲ್ಲೋ ಕುಂತ ಯಾರೋ ಒಬ್ಬ. ಖರೇ ಹೇಳಬೇಕಂದ್ರ, ಅವನು ಬರೆದಿಟ್ಟ ಬಾಟ್, ಅಂದರೆ ತಾನೇ ತಾನಾಗಿ ಓಡುವ ಪ್ರೋಗ್ರಾಂ. ಹಗಲೂ ರಾತ್ರಿ ಎಲ್ಲರ ಅಂಕಿ ನೋಡುತ್ತ ಕೂತಿರುತ್ತದೆ. ಖಾತೆ ಪುಸ್ತಕ ಬಯಲಲ್ಲೇ ಇದೆಯಲ್ಲ, ಯಾರು ಬೇಕಾದರೂ ಓದಬಹುದು. ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ, ನಿಮ್ಮ ಸಾಲ ಎಲ್ಲರಿಗೂ ಗೊತ್ತು. ಈಥರಿಯಂನಲ್ಲಿ ಹನ್ನೆರಡು ಸೆಕೆಂಡಿಗೊಂದು ಹೊಸ ಪುಟ ಬರೆಯುತ್ತಾರೆ. ಅಂಕಿ ಒಂದರ ಕೆಳಗೆ ಇಳಿದ ಪುಟದಲ್ಲೋ ಮುಂದಿನ ಪುಟದಲ್ಲೋ ನಿಮ್ಮ ಲಿಲಾವು ಮುಗಿದಿರುತ್ತದೆ. ಫೋನಿಲ್ಲ, ಪತ್ರವಿಲ್ಲ, ಪೇಪರಿನ ಜಾಹೀರಾತಿಲ್ಲ.

ಆ ಬಾಟಿನವನ ಹತ್ರ ಸ್ವಂತ ರೊಕ್ಕವೂ ಇರಬೇಕಾಗಿಲ್ಲ. ಫ್ಲಾಶ್ ಲೋನ್ ಅನ್ನೋದೊಂದು ಅದ, ಕೇಳಿದರೆ ನಗು ಬರ್ತದ. ಒಂದೇ ವ್ಯವಹಾರದೊಳಗೆ ಸಾಲ ತಗೊಂಡು, ನಿಮ್ಮ ಸಾಲ ಕಟ್ಟಿ, ನಿಮ್ಮ ಈಥರ್ ಎತ್ತಿ, ಅದನ್ನು ಮಾರಿ, ತನ್ನ ಸಾಲ ತೀರಿಸಿ, ಉಳಿದದ್ದು ಜೇಬಿಗೆ. ನಡುವೆ ಒಂದು ಹೆಜ್ಜೆ ತಪ್ಪಿದರೂ ಇಡೀ ವ್ಯವಹಾರ ನಡೆದೇ ಇಲ್ಲ ಅನ್ನುವಂತೆ ಪುಸ್ತಕದಿಂದ ಅಳಿದುಹೋಗುತ್ತದೆ. ಕೊಟ್ಟವನ ರೊಕ್ಕಕ್ಕೆ ಅಪಾಯ ಇಲ್ಲ. ನಮ್ಮ ಹುಡುಗರು ಗಮನಿಸಬೇಕಾದದ್ದು ಇದು: ಇಡೀ ಏರ್ಪಾಡಿನಲ್ಲಿ ಒತ್ತೆ ಇಲ್ಲದೆ ಸಾಲ ಸಿಗೋದು ಇಲ್ಲೊಂದೇ ಕಡೆ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತಿಗೆ.

ಈ ಬಾಟಿನವರನ್ನು ಬಯ್ಯಲಿಕ್ಕೆ ನಾನು ಬಂದಿಲ್ಲ. ಅವರು ಬರದಿದ್ದರೆ ಠೇವಣಿ ಇಟ್ಟವರ ರೊಕ್ಕ ಮುಳುಗ್ತದ. ಆ ಠೇವಣಿದಾರರಲ್ಲಿ ಸಣ್ಣವರೂ ಇರಬಹುದು. ಬೆಲೆ ಇಳಿಯುತ್ತಿರುವಾಗ ಒತ್ತೆಯು ಸಾಲಕ್ಕಿಂತ ಕೆಳಗೆ ಹೋಗುವ ಮೊದಲೇ ಯಾರೋ ಬಂದು ತೀರಿಸಬೇಕು. ಆ ಯಾರೋ ಒಬ್ಬ ಬರುವುದು ಲಾಭ ಇದ್ದರೆ ಮಾತ್ರ. ಆ ಶೇ. 5 ಇಟ್ಟದ್ದು ಅದಕ್ಕೇ. ಲಾಭ ಇಲ್ಲದಿದ್ದರೆ, ಇಲ್ಲಾ ಬರುವ ದಾರಿಯೇ ಬಂದಾದರೆ?

ಅದು ಆದದ್ದು 2020ರ ಮಾರ್ಚ್ 12ರ ಗುರುವಾರ. ಕೊರೋನಾವನ್ನು ಜಾಗತಿಕ ಸಾಂಕ್ರಾಮಿಕ ಎಂದು ಹಿಂದಿನ ದಿನವಷ್ಟೇ ಘೋಷಿಸಿದ್ದರು. ಜಗತ್ತಿನ ಎಲ್ಲ ಮಾರ್ಕೆಟ್ ಕುಸಿಯಿತು. ಈಥರ್ ಒಂದೇ ದಿನದಲ್ಲಿ ಶೇ. 40ಕ್ಕಿಂತ ಹೆಚ್ಚು ಬಿತ್ತು. ಆಗ ಈ ಸಾಲದ ಲೋಕದಲ್ಲಿ ದೊಡ್ಡ ಹೆಸರು ಮೇಕರ್. ಅದರ ರೀತಿ ಸ್ವಲ್ಪ ಬೇರೆ. ಅಲ್ಲಿ ಠೇವಣಿದಾರರ ಪೆಟ್ಟಿಗೆ ಇರಲಿಲ್ಲ. ನೀವು ಈಥರ್ ಒತ್ತೆ ಇಟ್ಟರೆ ಡಾಯ್ ಎನ್ನುವ, ಒಂದು ಡಾಲರಿನ ಬೆಲೆಯ ನಾಣ್ಯ ಹೊಸದಾಗಿ ಹುಟ್ಟಿ ನಿಮ್ಮ ಕೈಗೆ ಬರುತ್ತಿತ್ತು. ನೂರು ಡಾಯ್‌ಗೆ ಕನಿಷ್ಠ ನೂರೈವತ್ತು ಡಾಲರಿನ ಈಥರ್ ಇರಬೇಕು. ಅದಕ್ಕಿಂತ ಕೆಳಗೆ ಹೋದರೆ ಶೇ. 13 ದಂಡ ಹಾಕಿ ಒತ್ತೆಯನ್ನು ಲಿಲಾವಿಗೆ ಹಾಕುತ್ತಿದ್ದರು. ನಮ್ಮ ಮಾರ್ಕೆಟ್ ಯಾರ್ಡಿನ ಹಂಗೇ, ಒಬ್ಬರ ಮೇಲೆ ಒಬ್ಬರು ಕೂಗಬೇಕು, ಹೆಚ್ಚು ಡಾಯ್ ಕೊಟ್ಟವನಿಗೆ ಮಾಲು. ಸಾಲ, ದಂಡ ಎರಡೂ ತೀರಿದ ಮೇಲೆ ಉಳಿದ ಈಥರ್ ಸಾಲಗಾರನಿಗೆ ವಾಪಸ್.

ಸೋಲಾಪುರದ ಯಾರ್ಡಿಗೆ ಉಳ್ಳಾಗಡ್ಡಿ ಒಯ್ದವರು ನೆನಸಿಕೊಳ್ರಿ. ಲಿಲಾವಿನ ಜೀವ ಎಲ್ಲಿರುತ್ತದೆ? ಉಳ್ಳಾಗಡ್ಡಿಯೊಳಗೆ ಅಲ್ಲ, ಎದುರಿಗೆ ನಿಂತ ವ್ಯಾಪಾರಿಗಳ ಸಂಖ್ಯೆಯೊಳಗೆ. ಹತ್ತು ಮಂದಿ ಇದ್ದರೆ ದರ ಏರುತ್ತದೆ. ಒಬ್ಬನೇ ಇದ್ದರೆ ಅವನು ಹೇಳಿದ್ದೇ ದರ.

ಆ ಗುರುವಾರ ಈಥರಿಯಂನ ರಸ್ತೆ ಜಾಮ್ ಆಯಿತು. ಅಲ್ಲಿ ಪ್ರತಿ ವ್ಯವಹಾರಕ್ಕೂ ಶುಲ್ಕ ಇದೆ, ಗ್ಯಾಸ್ ಅಂತಾರ. ಪುಟದಲ್ಲಿ ಜಾಗ ಕಡಿಮೆ, ಗಾಬರಿಯಾಗಿ ಮಾರುವವರು ಲಕ್ಷಾಂತರ. ಹೆಚ್ಚು ಶುಲ್ಕ ಕೊಟ್ಟವರದು ಮೊದಲು. ಲಿಲಾವು ಕೂಗಬೇಕಾದ ಬಾಟ್‌ಗಳು ಹಳೆ ಶುಲ್ಕಕ್ಕೇ ಹೊಂದಿಸಿಟ್ಟವು, ಅವುಗಳ ಕೂಗು ಒಳಗೇ ಹೋಗಲಿಲ್ಲ. ಕೆಲವರ ಹತ್ರ ಕೂಗಲು ಬೇಕಾದ ಡಾಯ್ ಕೂಡ ಮುಗಿದಿತ್ತು. ಲಿಲಾವಿನ ಗಡುವೋ ನಿಮಿಷಗಳ ಲೆಕ್ಕದ್ದು. ಇದನ್ನು ಗುರುತಿಸಿದ ಒಬ್ಬಿಬ್ಬರು ಹೆಚ್ಚು ಶುಲ್ಕ ಕೊಟ್ಟು ಒಳಗೆ ಹೋದರು. ನೋಡಿದರೆ ಎದುರಿಗೆ ಯಾರೂ ಇಲ್ಲ. ಎಷ್ಟು ಕೂಗಿದರು ಗೊತ್ತೇನು? ಶೂನ್ಯ. ಸೊನ್ನೆ ಡಾಯ್. ಐವತ್ತು ಈಥರಿನ ಒಂದೊಂದು ಗುಂಪು, ಆ ದಿನದ ಬಿದ್ದ ಬೆಲೆಯಲ್ಲೂ ಐದಾರು ಸಾವಿರ ಡಾಲರಿನ ಮಾಲು, ಪುಕ್ಕಟೆ ಹೋಯಿತು. ಹೀಗೆ ಸುಮಾರು 83 ಲಕ್ಷ ಡಾಲರಿನ ಈಥರ್ ಏನೂ ಕೊಡದೆ ಎತ್ತಿಕೊಂಡು ಹೋದರು.

ಪ್ರೋಗ್ರಾಂ ಕೆಟ್ಟಿರಲಿಲ್ಲ ಅನ್ನೋದನ್ನ ಗಮನಿಸ್ರಿ. ಯಾರೂ ಬೀಗ ಮುರಿಯಲಿಲ್ಲ. ಬರೆದದ್ದನ್ನು ಬರೆದಂತೆಯೇ ಮಾಡಿತು. "ಹೆಚ್ಚು ಕೂಗಿದವನಿಗೆ ಕೊಡು" ಅಂತ ಬರೆದಿತ್ತು, ಸೊನ್ನೆಗಿಂತ ಹೆಚ್ಚು ಯಾರೂ ಕೂಗಿರಲಿಲ್ಲ. ಯಾರ್ಡಿನ ಅಡತಿ ಎಷ್ಟೇ ಕಟುಕ ಇದ್ದರೂ "ಏ, ಸೊನ್ನೆಗೆ ಹೆಂಗ ಕೊಡಲಿ, ನಾಳೆ ಮುಂಜಾನೆ ನೋಡೋಣ" ಅಂತಿದ್ದ. ಪ್ರೋಗ್ರಾಂಗೆ ನಾಳೆ ಮುಂಜಾನೆ ಅನ್ನೋದು ಬರೆದಿರಲಿಲ್ಲ.

ದಂಡ ಕಳೆದು ಏನಾದರೂ ವಾಪಸ್ ಬರುತ್ತದೆ ಎಂದು ನಂಬಿದ್ದ ಆ ಸಾಲಗಾರರಿಗೆ ಏನೂ ಬರಲಿಲ್ಲ. ಇತ್ತ ಮೇಕರಿನ ಲೆಕ್ಕದಲ್ಲೂ ತೂತು ಬಿತ್ತು: ಡಾಯ್ ಹೊರಗಿದೆ, ಅದರ ಹಿಂದಿನ ಒತ್ತೆ ಇಲ್ಲ. ಮೇಕರಿಗೆ ಆಗ ಎಂಕೆಆರ್ ಎನ್ನುವ ಪಾಲುದಾರರ ನಾಣ್ಯ ಇತ್ತು. ಹೊಸದಾಗಿ ಸುಮಾರು 21 ಸಾವಿರ ಎಂಕೆಆರ್ ಹುಟ್ಟಿಸಿ, ಲಿಲಾವು ಮಾಡಿ, ಸುಮಾರು 53 ಲಕ್ಷ ಡಾಯ್ ಎತ್ತಿ ಆ ತೂತು ಮುಚ್ಚಿದರು. ಒತ್ತೆ ಕಳಕೊಂಡವರಿಗೆ ಪರಿಹಾರ ಕೊಡಬೇಕೇ ಎಂದು ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಂಕೆಆರ್ ಇದ್ದವರು ಮತ ಹಾಕಿದರು. ಬೇಡ ಅಂದರು. ಲಿಲಾವಿನ ರೀತಿ ಮಾತ್ರ ಸುಧಾರಿಸಿದರು. ಗಡುವು ಹೆಚ್ಚಿಸಿದರು, 2021ರಲ್ಲಿ ಇಡೀ ಪದ್ಧತಿಯನ್ನೇ ತಿರುವಿ, ದರವನ್ನು ಮೇಲಿಂದ ಶುರು ಮಾಡಿ ಇಳಿಸುತ್ತ ಬರುವುದು, ಮೊದಲು ಹೂಂ ಅಂದವನಿಗೆ ಮಾಲು, ಎಂದು ಮಾಡಿದರು. ಹಾಲೆಂಡಿನ ಹೂವಿನ ಮಾರ್ಕೆಟ್ಟಿನ ರೀತಿ ಅದು. ಈ ಸುಧಾರಣೆ ಒಳ್ಳೆಯದೇ, ಆದರೆ ಮೊದಲಿನವರ ಈಥರಿನಿಂದ ಕಲಿತದ್ದು.

ಇನ್ನೊಂದು ಸಂಗತಿ ಸಣ್ಣದಾಗಿ ಹೇಳ್ತೀನಿ. ಪ್ರೋಗ್ರಾಂಗೆ ಕಣ್ಣಿಲ್ಲ, ಮಾರ್ಕೆಟ್ಟಿನ ದರ ಅದಕ್ಕೆ ಯಾರೋ ಹೇಳಬೇಕು. ಹಾಗೆ ದರ ಹೇಳುವ ವ್ಯವಸ್ಥೆಗೆ ಆರಕಲ್ ಅಂತಾರ. 2020ರ ನವೆಂಬರ್ 26ರಂದು ಕಾಯಿನ್‌ಬೇಸ್ ಎಂಬ ವಿನಿಮಯ ಕೇಂದ್ರದಲ್ಲಿ, ಒಂದು ಡಾಲರ್ ಇರಬೇಕಾದ ಡಾಯ್ ಸ್ವಲ್ಪ ಹೊತ್ತು 1.30 ಡಾಲರಿಗೆ ಏರಿತು. ಕಾಂಪೌಂಡ್ ಆ ದರವನ್ನೇ ನಂಬುತ್ತಿತ್ತು. ಡಾಯ್ ಸಾಲ ತೆಗೆದಿದ್ದವರ ಸಾಲ ಕೂತಲ್ಲೇ ಮೂರನೇ ಒಂದು ಪಾಲಿನ ಹತ್ತಿರ ಬೆಳೆದಂತೆ ಕಂಡಿತು. ಸುಮಾರು 8 ಕೋಟಿ 90 ಲಕ್ಷ ಡಾಲರಿನ ಒತ್ತೆ ಲಿಲಾವಾಗಿ ಹೋಯಿತು. ಆಮೇಲೆ ದರ ಇಳಿಯಿತು. ಇಳಿದು ಏನು ಉಪಯೋಗ? ಒಂದು ಯಾರ್ಡಿನ ಹತ್ತು ನಿಮಿಷದ ದರ ಹಿಡಿದು ಇಡೀ ತಾಲೂಕಿನ ಲೆಕ್ಕ ಚುಕ್ತಾ ಮಾಡಿದಂತಾಯಿತು. ಈಗ ಬಹಳ ಕಡೆ ಹತ್ತಾರು ಮಾರ್ಕೆಟ್ಟುಗಳ ದರ ಕೂಡಿಸಿ ನೋಡ್ತಾರ.

"ಕೋಡಿಗೆ ಎಲ್ಲರೂ ಸಮಾನರು" ಅನ್ನುವ ಮಾತನ್ನೂ ಸ್ವಲ್ಪ ಪರೀಕ್ಷೆ ಮಾಡೋಣ. 2022ರ ಜೂನ್‌ನಲ್ಲಿ ಸೋಲಾನಾ ಎಂಬ ಇನ್ನೊಂದು ಜಾಲದ ಮೇಲಿನ ಸೋಲೆಂಡ್ ಎಂಬ ಸಾಲದ ಮಾರುಕಟ್ಟೆಯಲ್ಲಿ ಒಂದೇ ಖಾತೆ ಸುಮಾರು 57 ಲಕ್ಷ ಸೋಲ್ ನಾಣ್ಯ ಒತ್ತೆ ಇಟ್ಟು ಸುಮಾರು 10 ಕೋಟಿ 80 ಲಕ್ಷ ಡಾಲರ್ ಸಾಲ ತೆಗೆದಿತ್ತು. ಸೋಲ್ ಬೆಲೆ 22.30 ಡಾಲರಿಗೆ ಇಳಿದರೆ ಆ ಖಾತೆಯ ಲಿಲಾವು ಶುರುವಾಗಬೇಕಿತ್ತು. ಅಷ್ಟು ಮಾಲು ಒಮ್ಮೆಗೆ ಮಾರ್ಕೆಟ್ಟಿಗೆ ಬಂದರೆ ಬೆಲೆ ಇನ್ನೂ ಬೀಳುತ್ತದೆ, ಜಾಲವೇ ಜಾಮ್ ಆಗುತ್ತದೆ ಎಂದು ನಡೆಸುವವರಿಗೆ ದಿಗಿಲಾಯಿತು. ಆಗ ಮತ ಹಾಕಿಸಿದರು: ಆ ಖಾತೆಯನ್ನು ನಾವೇ ಕೈಗೆ ತಗೊಂಡು, ಮಾರ್ಕೆಟ್ಟಿನ ಹೊರಗೆ ಮೆಲ್ಲಗೆ ಮಾರುತ್ತೇವೆ. ಶೇ. 97ಕ್ಕಿಂತ ಹೆಚ್ಚು ಮತ ಬಿತ್ತು. ಅದರಲ್ಲಿ ಬಹುಪಾಲು ಒಂದೇ ಖಾತೆಯಿಂದ ಬಂದದ್ದು. "ಇದೇನು ವಿಕೇಂದ್ರೀಕರಣ?" ಎಂದು ಎಲ್ಲ ಕಡೆ ಕೂಗೆದ್ದ ಮೇಲೆ ಇನ್ನೊಂದು ಮತ ಹಾಕಿಸಿ ಮೊದಲನೆಯದನ್ನು ರದ್ದು ಮಾಡಿದರು.

ಇದರಲ್ಲಿ ನನಗೆ ಕಂಡದ್ದು ಇಷ್ಟು. ಆ ನಿರ್ಣಯ ಬಂದದ್ದು ಸಾಲಗಾರನ ಮೇಲಿನ ಪ್ರೀತಿಯಿಂದಲ್ಲ, ಅವನ ಖಾತೆಯನ್ನು ಕಸಿಯಲಿಕ್ಕೆ ಹೊರಟಿದ್ದರು. ಆದರೂ ಹತ್ತು ಕೋಟಿಯವನ ಲಿಲಾವು ಅಂದಾಗ ಕೋಡನ್ನು ಬದಿಗಿಟ್ಟು ಸಭೆ ಕರೆದರು. ಹತ್ತು ಸಾವಿರದವನ ಲಿಲಾವಿಗೆ ಯಾರು ಸಭೆ ಕರೀತಾರ? ಹಿತ್ತಲಲ್ಲಿ ಮನುಷ್ಯರು ಇದ್ದೇ ಇದ್ದಾರೆ. ಅವರು ಎದ್ದು ಬರಬೇಕಂದರೆ ಸಾಲ ಅಷ್ಟು ದೊಡ್ಡದಿರಬೇಕು.

ಇನ್ನು ನಮ್ಮ ದೇಶದ ಮಾತು. ಇಲ್ಲಿ ಕ್ರಿಪ್ಟೋ ಚಲಾವಣೆಯ ನಾಣ್ಯ ಅಲ್ಲ. 2022ರ ಏಪ್ರಿಲ್ 1ರಿಂದ ಅದರ ಲಾಭದ ಮೇಲೆ ಶೇ. 30 ತೆರಿಗೆ ಇದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೇಲೆ ಶೇ. 1 ಟಿಡಿಎಸ್ ಕೂಡ ಬಂದಿತು. ಬಂಗಾರದ ಸಾಲದ ಕಂಪನಿ ನಿಯಮ ಮೀರಿದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಕೋಡಿನ ಮೇಲೆ ಯಾರಿಗೆ ಬರೀತೀರಿ?

ಇನ್ನೊಂದು ಎಚ್ಚರ, ಇದು ಬಹಳ ಜರೂರು. ಟೆಲಿಗ್ರಾಂನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಯಾರಾದರೂ "ನಿಮ್ಮ ಖಾತೆ ಲಿಕ್ವಿಡೇಷನ್‌ಗೆ ಬಂದದ, ಇಷ್ಟು ರೊಕ್ಕ ಕಳಿಸಿದರೆ ನಿಲ್ಲಿಸ್ತೀವಿ" ಅಂದರೆ ಅದು ಶುದ್ಧ ಕಳ್ಳತನ. ನಾನು ಇಲ್ಲಿತನಕ ಹೇಳಿದ ಪ್ರೋಗ್ರಾಂಗಳು ಯಾರಿಗೂ ಫೋನ್ ಮಾಡಂಗಿಲ್ಲ, ಮೆಸೇಜ್ ಹಾಕಂಗಿಲ್ಲ, ಏಜೆಂಟರನ್ನು ಇಟ್ಟಿಲ್ಲ. ಖಾತೆಯ ಗುಪ್ತ ಪದಗಳನ್ನು ಕೇಳಿದರಂತೂ ಅಲ್ಲಿಗೇ ಫೋನ್ ಬಂದ್ ಮಾಡ್ರಿ.

ಮಾತು ಮುಗಿಸಿದ ಮೇಲೆ ಎರಡು ಪ್ರಶ್ನೆ ಬಂದವು. ಸ್ಮರಣ ಸಂಚಿಕೆಯವರು ಅವನ್ನೂ ಬರೆಯಿರಿ ಅಂದಿದ್ದಾರೆ.

ಒಬ್ಬ ತಮ್ಮ ಕೇಳಿದ: "ಸರ್, ಅಂಕಿ ಒಂದರ ಹತ್ರ ಬಂದಾಗ ನಾವು ಏನೂ ಮಾಡಾಕ ಬರಂಗಿಲ್ಲೇನು?" ಬರ್ತದ. ಸ್ವಲ್ಪ ಸಾಲ ತೀರಿಸಬಹುದು, ಇಲ್ಲಾ ಇನ್ನಷ್ಟು ಒತ್ತೆ ಹಾಕಬಹುದು. ಎರಡೂ ಮಾಡಿದರೆ ಅಂಕಿ ಏರ್ತದ. ಆದರೆ ಬೆಲೆ ಬೀಳುವ ಗಳಿಗೆಯಲ್ಲೇ ರಸ್ತೆಯೂ ಜಾಮ್ ಆಗಿರ್ತದ, ನಿಮ್ಮ ರೊಕ್ಕವೂ ಅದೇ ಸಾಲಿನಲ್ಲಿ ನಿಂತಿರ್ತದ. ಮಾರ್ಚ್ 12ರಂದು ಬಹಳ ಮಂದಿಗೆ ಆದದ್ದು ಅದೇ. ಸಾಲ ತೆಗೆಯುವಾಗಲೇ ಅಂಕಿ ಎರಡರ ಮೇಲಿರುವಷ್ಟು ಕಡಿಮೆ ತೆಗೆದವನು, ಬೆಲೆ ಅರ್ಧಕ್ಕಿಳಿದರೂ ಉಳಿಯುತ್ತಾನೆ. ಲೆಕ್ಕ ಹಾಕಿ ನೋಡು: ನನ್ನ ಉದಾಹರಣೆಯಲ್ಲಿ ಅದು 80,000ಕ್ಕಿಂತ ಕಡಿಮೆ ಸಾಲ.

ಹಿಂದಿನ ಸಾಲಿನಿಂದ ಒಬ್ಬ ಅವ್ವ ಕೇಳಿದಳು: "ಲಿಲಾವು ಆದ ಮ್ಯಾಲೂ ಸಾಲ ಉಳಿದ್ರ ಮನೀಗೆ ಬಂದು ಕೇಳ್ತಾರೇನಪ್ಪಾ?" ಇಲ್ಲವ್ವಾ, ಬರಂಗಿಲ್ಲ. ಯಾರ ಮನಿ ಅಂತ ಅವರಿಗೆ ಗೊತ್ತೇ ಇಲ್ಲ. ಸಾಲ ಇರೋದು ಒತ್ತೆಯ ಮೇಲೆ, ಮನುಷ್ಯನ ಮೇಲಲ್ಲ. ಒತ್ತೆ ಸಾಲದಷ್ಟು ಬರಲಿಲ್ಲ ಅಂದರೆ ಉಳಿದ ನಷ್ಟ ಠೇವಣಿ ಇಟ್ಟವರ ಪಾಲಿಗೆ. ಅವ್ವ ಸ್ವಲ್ಪ ಹೊತ್ತು ವಿಚಾರ ಮಾಡಿ, "ಹಂಗಾದ್ರ ಅಲ್ಲಿ ಠೇವಣಿ ಇಡೋದೂ ಸಾಲ ಕೊಟ್ಟಂಗೇ ಆತು" ಅಂದಳು. ಹೌದು. "ಭದ್ರ ಬಡ್ಡಿ" ಅಂತ ವಿಡಿಯೋದಾಗ ಹೇಳುವವರು ಈ ಮಾತನ್ನು ಹೇಳಿದ್ದು ನಾನು ಕೇಳಿಲ್ಲ.